ಊಟದ ದುಆ

ನನ್ನ ಅಮ್ಮಿಗೆ ಬರುತ್ತಿದ್ದದ್ದು ಒಂದೇ ದುಆ. ಅದನ್ನು ಕೇಳಿ ನಕ್ಕವರ ಮೇಲಿನ ಸಿಟ್ಟು ನನಗೆ ಇಂದಿಗೂ ಇಳಿದಿಲ್ಲ. ಇಳಿಯಲಿ ಎಂಬ ಆಸೆಯೂ ಇಲ್ಲ.

ಖಾಸಬಾಗದ ನಮ್ಮ ಮನೆಯಲ್ಲಿ ದೇವರ ಹತ್ತಿರ ಬೇಡುವುದು ಅಬ್ಬಾನ ಕೆಲಸವಾಗಿತ್ತು. ಮಗ್ಗ ನಿಲ್ಲಿಸಿ, ಕೈಕಾಲು ತೊಳೆದು, ನಮಾಜು ಮುಗಿಸಿ ಎರಡೂ ಅಂಗೈ ಎತ್ತಿ ಅರಬ್ಬಿಯಲ್ಲಿ ಉದ್ದಕ್ಕೆ ದುಆ ಮಾಡುತ್ತಿದ್ದ. ಹಿಂದೆ ಕೂತ ಅಮ್ಮಿ ಮತ್ತು ನಾನು ಆಮೀನ್ ಎನ್ನುತ್ತಿದ್ದೆವು. ಏನು ಬೇಡಿದ ಎಂದು ಇಬ್ಬರಿಗೂ ತಿಳಿಯುತ್ತಿರಲಿಲ್ಲ.

ಅಮ್ಮಿ ಖಾನಾಪುರದ ಕಡೆಯ ಹಳ್ಳಿಯವಳು, ಭತ್ತದ ಗದ್ದೆಯಲ್ಲಿ ಕನ್ನಡ ಮಾತಾಡುತ್ತ ಬೆಳೆದವಳು. ಮದುವೆಯಾದ ಮೇಲೆ ದಖನಿ ಉರ್ದು ಕಲಿತಳು, ಸಿಟ್ಟು ಬಂದರೆ ಮಾತ್ರ ಕನ್ನಡವೇ. ಓಣಿಯ ನಲ್ಲಿಯ ಹತ್ತಿರ ಅವಳ ಕನ್ನಡಕ್ಕೆ ಎದುರಾಡಿದವರಿಲ್ಲ. ಅವಳು ಚಿಕ್ಕವಳಿದ್ದಾಗ ಒಬ್ಬ ಉಸ್ತಾದ ಊರಿಗೆ ಬಂದು ತಿಂಗಳೊಪ್ಪತ್ತು ಅರಬ್ಬಿ ದುಆ ಕಲಿಸಿ ಹೋಗಿದ್ದ. ನಮಾಜಿಗೆ ಬೇಕಾದಷ್ಟು ಬಿಟ್ಟರೆ ಅವಳ ನಾಲಿಗೆಗೆ ಹತ್ತಿದ್ದು ಇನ್ನೊಂದೇ ಸಾಲು. ನನಗೆ ಜ್ವರ ಬಂದಾಗ ಆ ಸಾಲು, ಮಗ್ಗದ ಮೋಟರ್ ಸುಟ್ಟಾಗ ಆ ಸಾಲು, ನನ್ನ ಪಿಯುಸಿ ಪರೀಕ್ಷೆಗೂ ಅದೇ.

ಹೊಸ ಶತಮಾನ ಬಂತೆಂದು ಎಲ್ಲರೂ ಹೇಳುತ್ತಿದ್ದ ವರ್ಷ ಅಬ್ಬಾಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದವು. ಮಾತೂ ಹೋಯಿತು. ಆಸ್ಪತ್ರೆಯಿಂದ ಅಬ್ಬಾನ ಅಣ್ಣ, ನನ್ನ ದೊಡ್ಡಪ್ಪ, ನಮ್ಮನ್ನು ಖಾನಾಪುರದ ತಮ್ಮ ಮನೆಗೆ ಕರೆದುಕೊಂಡು ಹೋದರು. ಒಳ್ಳೆಯ ಕೋಣೆಯನ್ನೇ ಬಿಟ್ಟುಕೊಟ್ಟರು, ಅದನ್ನು ಇಲ್ಲವೆನ್ನುವುದಿಲ್ಲ. ಆದರೆ ಮೊದಲ ದಿನವೇ ಅಮ್ಮಿಗೆ ಹೇಳಿದರು, "ಇನ್ನ ದುಆ ನಾ ಮಾಡ್ತೀನಿ. ನೀ ಆಮೀನ್ ಅಂದ್ರ ಸಾಕು."

ಒಂದು ಮಧ್ಯಾಹ್ನ ಅಮ್ಮಿ ಹಾಸಿಗೆಯ ಪಕ್ಕ ಕಣ್ಣು ಮುಚ್ಚಿ ಕೂತು ತನ್ನ ಸಾಲು ಹೇಳುತ್ತಿದ್ದಳು. ಬಾಗಿಲಲ್ಲಿ ನಿಂತಿದ್ದ ದೊಡ್ಡಪ್ಪ ಕೇಳಿಸಿಕೊಂಡು ನಕ್ಕುಬಿಟ್ಟರು.

"ಇದು ಉಂಡ ಮ್ಯಾಲೆ ಹೇಳೂದವ್ವಾ. ಊಟಾ ಕೊಟ್ಟಿ, ನೀರ ಕೊಟ್ಟಿ, ಉಪಕಾರ ಆತು ಅಂತ. ಇದ್ರಾಗ ಲಕ್ವಾದ ಮಾತ ಎಲ್ಲೈತಿ?"

ಒಳಗಿದ್ದವರೂ ನಕ್ಕರು. ಸಂಜೆಯೊಳಗೆ ಆ ಸುದ್ದಿ ಓಣಿಯಲ್ಲೆಲ್ಲ ಓಡಾಡಿತು.

ಇಪ್ಪತ್ತು ವರ್ಷ ತಾನು ಕೇಳಿದ್ದೊಂದೂ ಮೇಲೆ ಮುಟ್ಟಿಲ್ಲ ಎಂದುಕೊಂಡಳು ಅಮ್ಮಿ. ಅಂದಿನಿಂದ ಬೇಡುವುದನ್ನೇ ಬಿಟ್ಟಳು, ಮಾತನ್ನೂ ಕಡಿಮೆ ಮಾಡಿದಳು. ನನಗೆ ಖರೇ ಹೆದರಿಕೆ ಹುಟ್ಟಿದ್ದು ಆಗ. ಅಬ್ಬಾನ ಬಾಯಿ ನಿಂತದ್ದನ್ನು ಹೇಗೋ ತಡೆದುಕೊಂಡಿದ್ದೆ. ಅಮ್ಮಿಯೂ ಮೂಕಿಯಾದರೆ ನಮ್ಮ ಮನೆಯಲ್ಲಿ ಇನ್ನೇನು ಉಳಿಯಿತು?

ಆ ಸಾಲಿನ ಅರ್ಥ ಅಬ್ಬಾಗೆ ಗೊತ್ತಿರಲೇಬೇಕು. ಅಷ್ಟು ವರ್ಷ ಪಕ್ಕದಲ್ಲೇ ಕೇಳಿಯೂ ಅವನು ಒಮ್ಮೆಯೂ ನಗಲಿಲ್ಲ, ತಿದ್ದಲೂ ಇಲ್ಲ. ಪ್ರೀತಿಯೋ ಅಸಡ್ಡೆಯೋ ಎಂದು ಕೇಳೋಣವೆಂದರೆ ಅವನಿಗೆ ಮಾತಿರಲಿಲ್ಲ.

ಮೂರನೆಯ ದಿನ ನಾನು ಅಡುಗೆಮನೆಗೆ ಹೋಗಿ, "ನಿನ್ನ ಮಾತಿನ್ಯಾಗ ಕೇಳು" ಎಂದೆ.

"ನಂಗ ಅರಬ್ಬಿ ಎಲ್ಲಿ ಬರತೈತಿ?"

"ಅಲ್ಲಾಗ ಕನ್ನಡ ಬರೂದಿಲ್ಲಂತ ಯಾರ ಹೇಳ್ಯಾರ?"

ನಡುಮನೆಯಿಂದ ದೊಡ್ಡಪ್ಪ, "ಮಾಲಕನ ಮುಂದ ಬಾಯಿಗೆ ಬಂದಂಗ ಮಾತಾಡಬಾರ್ದು. ಅದಕ್ಕೊಂದು ರೀತಿ ಐತಿ" ಎಂದರು. ನಾನು ಹೊರಗೆ ಬಂದು ಅವರೆದುರು ನಿಂತೆ. "ಸಂಕಟಾ ಆಕೀದು. ಅದನ್ನ ನೀವು ಹ್ಯಾಂಗ ಹೇಳ್ತೀರಿ? ನಿಮ್ಮ ದುಆಕ್ಕ ನಾ ಇನ್ನ ಆಮೀನ್ ಅನ್ನೂದಿಲ್ರಿ." ಆ ಮನೆಯ ಹೆಣ್ಣುಮಕ್ಕಳು ಹಾಗೆ ಮಾತಾಡಿದ್ದೇ ಇಲ್ಲ. ಆದರೂ ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳಲಿಲ್ಲ.

ಅಂದು ಸಂಜೆಯ ಅಸರ್ ನಮಾಜು ಮುಗಿಯಿತು. ದೊಡ್ಡಪ್ಪ ಶುರು ಮಾಡುವ ಮೊದಲೇ ಅಮ್ಮಿ ಅಬ್ಬಾನ ಪಕ್ಕ ಕೂತು ಕೈ ಎತ್ತಿದಳು. ಬಂದದ್ದು ನಲ್ಲಿಯ ಹತ್ತಿರದ ದನಿಯೇ.

"ಮಾಲಕಾ, ನಿನ್ನ ಮಾತು ನಂಗ ಬರೂದಿಲ್ಲ. ನನ್ನ ಮಾತು ನಿಂಗ ಬರತೈತಿ. ಉಂಡ ಉಪಕಾರ ಇಪ್ಪತ್ತ ವರ್ಷ ಹೇಳೇನಿ. ಅದ್ರಾಗೇನೂ ಸುಳ್ಳಿಲ್ಲ, ಇಟ್ಕೋ. ಈಗ ಬ್ಯಾರೆ ಕೇಳಾಕ ಬಂದೀನಿ. ಇವನ ಬಾಯಿ ಯಾಕ ತಗೊಂಡಿ? ನಮ್ಮ ಸಲುವಾಗಿ ನಿನ್ನ ಕೂಡ ಮಾತಾಡಾಂವ ಇಂವೊಬ್ಬನ ಇದ್ದ. ತಿರುಗಿ ಕೊಡು. ಕೊಡೂತನಕಾ ದಿನಾ ಬರ್ತೀನಿ."

ಯಾರೂ ನಗಲಿಲ್ಲ. ಚಾದರದ ಮೇಲಿಂದ ಅಬ್ಬಾನ ಎಡಗೈ ಮೆಲ್ಲಗೆ ಎದ್ದಿತು. ಒಂದೇ ಅಂಗೈ, ಜೊತೆಗೆ ಇನ್ನೊಂದಿಲ್ಲ. ಅಮ್ಮಿ ತನ್ನ ಕೈಯನ್ನು ಅದರ ಬಾಜು ತಂದು ಹಿಡಿದಳು. ಬಾಗಿಲಲ್ಲಿ ಆಮೀನ್ ಎಂದದ್ದು ದೊಡ್ಡಪ್ಪ.

ಖಾಸಬಾಗಕ್ಕೆ ಮರಳಿದ ಮೇಲೂ ಅವಳು ತಪ್ಪಿಸಲಿಲ್ಲ. ದಿನಾ ಅಸರ್ ಆದ ಮೇಲೆ ಅದೇ ತಕರಾರು, ಅವೇ ಎರಡು ಕೈಗಳು. ಮಾತು ಮಾತ್ರ ಬರಲೇ ಇಲ್ಲ. ಹಾಗಾದರೆ ಏನು ಸಿಕ್ಕಿತು ಎಂದು ಕೇಳುವವರಿದ್ದಾರೆ. ನನ್ನ ತಾಯಿ ಸಿಕ್ಕಳು, ಅಷ್ಟು ಸಾಕು. ಅವರಿಗೆ ಸಾಲದಿದ್ದರೆ ಅದು ಅವರ ಪಾಡು.

ಮೂರು ವರ್ಷದ ಮೇಲೆ ಅಬ್ಬಾ ಹೋದ. ಮಣ್ಣು ಮಾಡಿ ಬಂದಾಗ, ಸಾವಿನ ಮನೆಗೆ ಒಲೆ ಬೇಡವೆಂದು, ಪಕ್ಕದ ಮನೆಯವರು ಅನ್ನ ತಂದಿಟ್ಟಿದ್ದರು. ಅಮ್ಮಿ ಎರಡು ತುತ್ತು ತಿಂದು, ನೀರು ಕುಡಿದು, ಎಷ್ಟೋ ದಿನದಿಂದ ಬಿಟ್ಟಿದ್ದ ತನ್ನ ಹಳೇ ಸಾಲನ್ನು ತಪ್ಪಿಲ್ಲದೆ ಹೇಳಿದಳು. ಆಮೇಲೆ ಕೈ ಇಳಿಸದೆ ಕನ್ನಡದಲ್ಲಿ ಸೇರಿಸಿದಳು.

"ನೀ ಕೊಡಲಿಲ್ಲ. ನಾಳೆ ಬರ್ತೀನಿ."