ಒದ್ದೆ ಬಟ್ಟೆಯ ಒಂಬತ್ತು ದಿನ

ತೊಂಬತ್ತರ ದಶಕ ಮುಗಿಯುತ್ತಿತ್ತು. ಐದು ತಿಂಗಳ ಬಾಣಂತನ ಮುಗಿಸಿ ಚಾಮರಾಜನಗರದ ತವರಿನಿಂದ ರಾಮಕೃಷ್ಣನಗರದ ಬಾಡಿಗೆ ಮನೆಗೆ ಬಂದಾಗ, ಮಗಳಿಗೆ ನಾನು ಒಂದು ಸಲವೂ ಸ್ನಾನ ಮಾಡಿಸಿರಲಿಲ್ಲ. ತವರಿನಲ್ಲಿ ಎರೆಯುವುದಕ್ಕೆಂದೇ ಒಬ್ಬ ಅಜ್ಜಿ ದಿನವೂ ಬರುತ್ತಿದ್ದಳು. ಬಚ್ಚಲಲ್ಲಿ ಮಣೆ ಹಾಕಿಕೊಂಡು, ಕಾಲು ಚಾಚಿ, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಬಿಸಿನೀರು ಹೊಯ್ಯುತ್ತಿದ್ದಳು. ನಾನು ಕಿವಿಗೆ ಹತ್ತಿ ಇಟ್ಟುಕೊಂಡು ಕೋಣೆಯಲ್ಲಿ ಮಲಗಿರುತ್ತಿದ್ದೆ. ನೀರಿನ ಸದ್ದು ದೂರದಲ್ಲಿ ಕೇಳುತ್ತಿತ್ತು.

ಗಂಡ ಕಡಕೊಳದ ಕಾರ್ಖಾನೆಯ ಮೊದಲ ಪಾಳಿಗೆ ಬೆಳಗಾಗುವಷ್ಟರಲ್ಲಿ ಹೊರಟುಬಿಡುತ್ತಿದ್ದರು. ಬಂದ ಮರುದಿನ ನಾನೂ ಮಣೆ ಹಾಕಿಕೊಂಡು ಕೂತೆ. ಎಣ್ಣೆ ಹಚ್ಚಿದ ಮಗುವನ್ನು ಕಾಲ ಮೇಲೆ ಬೋರಲು ಮಲಗಿಸಿದೆ. ಚೊಂಬಿಗೆ ನೀರು ತುಂಬಿಕೊಂಡೆ. ಆಗ ಅನ್ನಿಸಿತು, ಕಾಲುಗಳನ್ನು ತುಸು ಅಗಲಿಸಿದರೆ ಸಾಕು ಎಂದು. ಮಗು ಕೈಜಾರೀತು ಎಂಬ ಭಯವಲ್ಲ ಅದು. ನಾನೇ ಬಿಟ್ಟುಬಿಡುತ್ತೇನೇನೋ ಎಂಬ ಭಯ.

ಎತ್ತಿ ಹಾಸಿಗೆಯ ಮೇಲಿಟ್ಟು, ನಡುಮನೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ನಡುಮನೆಗೆ ಓಡಾಡಿದೆ. ಬಳಿಕ ಒದ್ದೆ ಬಟ್ಟೆಯಲ್ಲಿ ಅವಳ ಮೈ ಒರೆಸಿ, ಸಾಂಬ್ರಾಣಿ ಹೊಗೆ ಹಿಡಿದು, ಕೆನ್ನೆಗೆ ಕಪ್ಪು ಬೊಟ್ಟಿಟ್ಟೆ. ಮಧ್ಯಾಹ್ನ ಪಾಳಿ ಮುಗಿಸಿ ಬಂದ ಗಂಡ ಮಗುವಿನ ತಲೆ ಮೂಸಿ, "ಎರೆದ್ಯಾ?" ಅಂದರು. "ಹ್ಞೂಂ" ಅಂದೆ.

ಹೀಗೆ ಒಂಬತ್ತು ದಿನ. ನಡುವೆ ಬಂದ ಭಾನುವಾರವೂ ಅವರು ಓವರ್‌ಟೈಮ್‌ಗೆ ಹೋಗಿದ್ದರು.

ಹತ್ತನೆಯ ದಿನ ಭಾನುವಾರ. ಊರಿನಿಂದ ಅತ್ತೆ ಬಂದರು. ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕಿವಿಯ ಹಿಂದೆ ಬೆರಳಾಡಿಸಿದರು.

"ಎಣ್ಣೆ ಜಿಗಟು ಅಂಗೇ ಕೂತ್ಬುಟ್ಟಿದೆ ಕಣಮ್ಮ. ಎರೆದು ಎಷ್ಟು ದಿನ ಆಯ್ತು?"

"ದಿನಾ ಎರೀತಾಳಮ್ಮ," ಅಂದರು ಗಂಡ, ಪೇಪರಿನಿಂದ ತಲೆ ಎತ್ತದೆ.

"ನೀನ್ ನೋಡಿದ್ಯೇನೋ? ನಿನ್ ತಲೆಗೆ ನೀರ್ ಬಿದ್ದು ಎಷ್ಟು ದಿನ ಆಯ್ತು ಅಂತ್ಲೇ ನಿಂಗೆ ಗೊತ್ತಿರಲ್ಲ!"

ಅತ್ತೆ ತಾವೇ ಸೆರಗು ಸಿಕ್ಕಿಸಿಕೊಂಡು ಮಗುವನ್ನು ಬಚ್ಚಲಿಗೆ ಕರೆದೊಯ್ದರು. ಗಂಡ ನನ್ನನ್ನೇ ನೋಡಿದರು.

"ಜಾರಿಬಿಡುತ್ತೆ ಅಂತ ಭಯಾನಾ?"

ಉತ್ತರವನ್ನು ಅವರೇ ಕೊಟ್ಟಿದ್ದರು. ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಅಲ್ಲ ರೀ. ನಾನೇ ಬಿಟ್ಬುಡ್ತೀನೇನೋ ಅಂತ."

ಅವರು ಪೇಪರನ್ನು ಮಡಿಸಿದರು. ಮಡಿಕೆ ಸರಿಬರದೆ ಮತ್ತೆ ಬಿಚ್ಚಿದರು. ಒಳಗೆ ನೀರು ಬೀಳುತ್ತಿತ್ತು, ಮಗು ಅಳುತ್ತಿತ್ತು.

ಆ ವಾರವೇ ಎರಡನೆಯ ಪಾಳಿಗೆ ಬದಲಾಯಿಸಿಕೊಂಡರು. ಬೆಳಿಗ್ಗೆ ಲುಂಗಿ ಎತ್ತಿ ಕಟ್ಟಿ ಅವರೇ ಮಣೆಯ ಮೇಲೆ ಕೂತು ಕಾಲು ಚಾಚುತ್ತಿದ್ದರು. "ನಾನ್ ಹಿಡ್ಕೊಂಡಿದೀನಿ, ನೀನು ಹಾಕು" ಅನ್ನುತ್ತಿದ್ದರು. ನಾನು ನಿಂತು ನೀರು ಹೊಯ್ಯುತ್ತಿದ್ದೆ. ಮಗು ಕಾಲು ಬಡಿದು ಅವರ ಮುಖಕ್ಕೆಲ್ಲ ನೀರು ಹಾರಿಸಿದಾಗ ಇಬ್ಬರೂ ನಕ್ಕಿದ್ದೂ ಉಂಟು.

ಆದರೆ ಮಧ್ಯಾಹ್ನ ಹೊರಡುವಾಗ ಚಪ್ಪಲಿ ಮೆಟ್ಟಿಕೊಂಡು ಒಮ್ಮೆ ತಿರುಗುತ್ತಿದ್ದರು. ಮೊದಲು ಮಗುವನ್ನು ನೋಡುವರು. ಆಮೇಲೆ ನನ್ನ ಕೈಗಳನ್ನು. ಅವರು ಗೇಟು ದಾಟಿ ತಿರುವಿನಲ್ಲಿ ಮರೆಯಾಗುವವರೆಗೂ ನಾನು ಎರಡೂ ಕೈಗಳನ್ನು ಅವರಿಗೆ ಕಾಣುವಂತೆ ಕಿಟಕಿಯ ಸರಳುಗಳ ಮೇಲೆ ಇಟ್ಟುಕೊಂಡು ನಿಂತಿರುತ್ತಿದ್ದೆ.