ಬಸ್ ಏಜೆಂಟ್ ಬ್ಯಾಪ್ಟಿಸ್ಟನ ದನಿ

ಕಾಪುವಿನ ಜನಕ್ಕೆ ಬಸ್ಸು ಬಂತೆಂದು ತಿಳಿಯುತ್ತಿದ್ದದ್ದು ಬ್ಯಾಪ್ಟಿಸ್ಟನ ಬಾಯಿಂದ. ಬಸ್ ಕಂಪೆನಿಯ ಏಜೆಂಟನಾಗಿದ್ದ ಅವನು "ಉಡ್ಪಿ, ಉಡ್ಪಿ, ಉಡ್ಪೀ" ಎಂದು ಕೂಗಿದರೆ ಕಾರ್ಕಳಕ್ಕೆ ಹೋಗಬೇಕಾದವರೂ ಒಮ್ಮೆ ಎದ್ದು ನಿಲ್ಲುತ್ತಿದ್ದರು.

ಅರುವತ್ತೆರಡನೇ ಇಸವಿಯ ಮಳೆಗಾಲ ಮುಗಿದ ಮೇಲೆ ಆ ದನಿ ಕೆಡತೊಡಗಿತು. ಬೆಳಿಗ್ಗೆ ಸರಿ ಇರುತ್ತಿತ್ತು, ಸಂಜೆಯಾಗುವಾಗ ಮೂಗಿನಲ್ಲಿ ಮಾತಾಡಿದ ಹಾಗೆ ಕೇಳಿ, ಕೊನೆಗೆ "ಉ..." ಎಂಬಲ್ಲಿಗೇ ನಿಲ್ಲುತ್ತಿತ್ತು. ಎಡಗಣ್ಣಿನ ರೆಪ್ಪೆಯೂ ತಾನಾಗಿ ಜಾರುತ್ತಿತ್ತು. ಶಂಕರಪುರದಿಂದ ಮಲ್ಲಿಗೆ ತರುತ್ತಿದ್ದ ಚಂಪಾ, ತನಗೇ ಕಣ್ಣು ಹೊಡೆದನೆಂದು ಕೊಡೆ ಎತ್ತಿದಳು. ಕಂಡಕ್ಟರ್ ವಿಠಲ, "ಇಷ್ಟು ಬೇಗ ಕುಡಿದು ಬಂದದ್ದಾ ಮಾರಾಯ?" ಎಂದು ಮೂಸಿ ನೋಡಿದ. ಹೆಂಡವನ್ನು ಮುಟ್ಟಿಯೂ ನೋಡದ ಬ್ಯಾಪ್ಟಿಸ್ಟನಿಗೆ ನಾಚಿಕೆಯಿಂದ ಸಾಯುವ ಹಾಗಾಯಿತು. ವಾದಿಸೋಣವೆಂದರೆ ದನಿಯೇ ಇಲ್ಲ.

ಹೆಂಡತಿ ಬರ್ತಾಳ ಪ್ರಕಾರ ಎಲ್ಲ ರೋಗಕ್ಕೂ ಹೊಟ್ಟೆಯೇ ಕಾರಣ. ಭೇದಿಯಾಗಲೆಂದು ಕೊಡುವ ಎಪ್ಸಮ್ ಉಪ್ಪನ್ನು ದೊಡ್ಡ ಲೋಟದಲ್ಲಿ ಕದಡಿ ದಿನಾ ಕುಡಿಸಿದಳು. ಹೊಟ್ಟೆ ಚೊಕ್ಕವಾಯಿತು. ಆದರೆ ವಾರದೊಳಗೆ ಎರಡೂ ರೆಪ್ಪೆ ಬಿದ್ದು, ಗಂಜಿ ನುಂಗಲೂ ಕಷ್ಟವಾಯಿತು. ಬರ್ತಾ ಹೆದರಿ ಅವನನ್ನು ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಅಲ್ಲಿ ಡಾಕ್ಟರ್ ಲೀಲಾಧರ ಅವನ ತೋಳಿಗೆ ಒಂದು ಇಂಜೆಕ್ಷನ್ ಚುಚ್ಚಿ, "ಸ್ವಲ್ಪ ಕಾದು ಮಾತಾಡಿ ನೋಡಿ" ಎಂದರು. ಮೊದಲು ರೆಪ್ಪೆ ಮೇಲೆದ್ದಿತು. ಎಂತ ಮಾತಾಡುವುದೆಂದು ತೋಚದೆ ಬ್ಯಾಪ್ಟಿಸ್ಟ್ ತನಗೆ ರೂಢಿಯಿದ್ದದ್ದನ್ನೇ ಕೂಗಿದ: "ಉಡ್ಪಿ, ಉಡ್ಪಿ, ಉಡ್ಪೀ." ಪಕ್ಕದ ಮಂಚದ ಪೆರ್ಡೂರಿನ ಅಜ್ಜ ಬಟ್ಟೆಯ ಗಂಟು ಹಿಡಿದು ಎದ್ದು ಕೂತರು.

ಬರ್ತಾ ಅತ್ತೇಬಿಟ್ಟಳು. ಡಾಕ್ಟರು ವಿವರಿಸಿದರು: "ನರದ ತುದಿಯಿಂದ ಒಂದು ರಸ ಜಿನುಗಿದರೆ ಮಾತ್ರ ಸ್ನಾಯು ಕೆಲಸ ಮಾಡುವುದು. ಇವರ ಸ್ನಾಯುವಿಗೆ ಆ ರಸ ಸಾಕಷ್ಟು ತಾಗುವುದಿಲ್ಲ. ಈ ಮದ್ದು ಅದನ್ನು ಬೇಗ ಅಳಿಯದಂತೆ ತಡೆಯುತ್ತದೆ. ಮನೆಯಲ್ಲಿ ಎಂತಾದರೂ ಮದ್ದು ಕೊಟ್ಟಿದ್ದೀರಾ?"

ಬರ್ತಾ ಉಪ್ಪಿನ ಹೆಸರು ಹೇಳಿದಳು. ಡಾಕ್ಟರು ಪೆನ್ನು ಕೆಳಗಿಟ್ಟರು.

"ಅದರಲ್ಲಿ ಮೆಗ್ನೀಸಿಯಂ ಉಂಟು. ಅದು ರಸ ಜಿನುಗುವುದನ್ನೇ ಕಡಿಮೆ ಮಾಡುತ್ತದೆ. ಇದ್ದ ಅಲ್ಪಸ್ವಲ್ಪಕ್ಕೂ ನೀವು ಬಿರಡೆ ಹಾಕಿದಿರಿ, ಅಮ್ಮ."

ಹೆಂಡತಿಗೆ ನಾಲ್ಕು ಮಾತು ಹೇಳುವ ಹುಮ್ಮಸ್ಸು ಬ್ಯಾಪ್ಟಿಸ್ಟನಿಗೆ ಬಂತು. ಈಗ ದನಿಯೂ ಇತ್ತು. ಬಾಯಿ ತೆರೆದ. ಅಷ್ಟರಲ್ಲಿ ಆ ಇಂಜೆಕ್ಷನ್ ಕರುಳನ್ನೂ ಎಬ್ಬಿಸಿತು. "ಕಕ್ಕಸು ಎಲ್ಲುಂಟು?" ಎಂದಷ್ಟೇ ಕೇಳಿ ಓಡಿದ.

ಆಮೇಲೆ ಅವನು ಮಾತ್ರೆ ನುಂಗಿ ಮಧ್ಯಾಹ್ನದವರೆಗೆ ಮಾತ್ರ ಕೂಗುತ್ತಿದ್ದ. ಸಂಜೆಯ ಬಸ್ಸಿಗೆ ಕೂಗುವ ಕೆಲಸವನ್ನು ಹೆಂಡತಿ ವಹಿಸಿಕೊಂಡಳು. ಅವಳು ಕೂಗಿದರೆ ಜನ ಇನ್ನೂ ಬೇಗ ಹತ್ತುತ್ತಾರೆ ಎಂಬುದು ವಿಠಲನ ಅಭಿಪ್ರಾಯ. ಬ್ಯಾಪ್ಟಿಸ್ಟ್ ಅದನ್ನು ಕೊನೆಯವರೆಗೂ ಒಪ್ಪಲಿಲ್ಲ.