ತಂಬೂರ ಕೆರೆಯ ತುಂಬೆ ಹೂ

ಪವಾಡದ ಮಾತು ಯಾರಾದರೂ ತೆಗೆದರೆ, "ಸಾಕು ಮಾಡ್ರಿ ನಿಮ್ಮ ಪುರಾಣ" ಎಂದು ಎದ್ದು ಹೋಗುತ್ತಿದ್ದವಳು ನಾನು. ಈಗಲೂ ಆ ಸ್ವಭಾವ ಪೂರ್ತಿ ಬಿಟ್ಟಿಲ್ಲ. ಆದರೂ ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಹಾಡಹಗಲೇ ನಡೆದದ್ದನ್ನು ಸುಳ್ಳು ಎನ್ನಲು ನನಗೆ ಇಂದಿಗೂ ಬಾಯಿ ಬರುವುದಿಲ್ಲ.

ಆಗ ನಾವು ಕಲಘಟಗಿ ಹತ್ತಿರದ ತಂಬೂರಿನಲ್ಲಿದ್ದೆವು. ನಮ್ಮ ಅತ್ತೆ ಇಷ್ಟಲಿಂಗದ ಪೂಜೆಯಾಗದೆ ಹನಿ ನೀರು ಮುಟ್ಟುವವರಲ್ಲ. ವಿಷಮಜ್ವರ ಬಂದು ಎಚ್ಚರವಿಲ್ಲದೆ ಮಲಗಿದ್ದಾಗ ಆ ಪೂಜೆ ತಪ್ಪಿತು. ಜ್ವರ ಇಳಿದು ಕಣ್ಣು ತೆರೆದವರೇ ಹಟ ಹಿಡಿದರು. "ತುಂಬಿ ಹೂ ಏರಿಸಿ ಪೂಜಿ ಮಾಡತೇನಿ. ಅಲ್ಲೀತನಕ ಬಾಯಾಗ ಏನೂ ಹಾಕೂದಿಲ್ಲ." ತುಂಬೆ ಮಳೆಗಾಲದ ಹೂ, ಆ ಸುಡುಬಿಸಿಲಲ್ಲಿ ಎಲ್ಲಿಂದ ತರಲಿ? ಮಲ್ಲಿಗೆ ತಂದಿಟ್ಟರೆ ಮುಖ ತಿರುಗಿಸಿದರು. ಇವತ್ತು ಹೊಟ್ಟೆಗೆ ಏನಾದರೂ ಹೋಗದಿದ್ದರೆ ಜೀವ ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿ ಹೋದರು. ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಬಾಜು ಮನೆಯ ಜೈತುನ್‌ಬಿಯನ್ನು ಕರೆದುಕೊಂಡು ಹೊರಟೆ. ದುಮ್ಮವಾಡದ ರಸ್ತೆಗುಂಟ ಹುಡುಕಿದೆವು. ಕಕ್ಕೆ ಮೈತುಂಬ ಹಳದಿ ಹೂ ಬಿಟ್ಟಿತ್ತು, ಬೇಲಿಯಲ್ಲಿ ಎಕ್ಕೆ ಇತ್ತು, ತುಂಬೆಯದು ಮಾತ್ರ ಬರೀ ಒಣಕಡ್ಡಿ. ನಾನು ಸೋತು ನಿಂತಾಗ ಜೈತುನ್ ಕೈ ಹಿಡಿದು ಎಳೆದಳು. "ಹಿಂಗ ನಿಂತರ ಹೆಂಗ ಅಕ್ಕಾ? ಕೆರಿ ಕಡೆ ಹೋಗೂಣು ಬರ್ರಿ."

ಕೆರೆಯ ನೀರು ಹಿಂದೆ ಸರಿದು ಕೆಸರು ಉಳಿದಿತ್ತು. ಅದನ್ನು ದಾಟಿದರೆ ಒಂದು ಜಾಲಿಗಿಡ. ಅದರ ಬುಡದಲ್ಲಿ, ಒಂದು ಚಾಪೆಯಷ್ಟು ಜಾಗದಲ್ಲಿ, ತುಂಬೆ ಬೆಳ್ಳಗೆ ಅರಳಿತ್ತು! ಆ ಉರಿಬಿಸಿಲಲ್ಲೂ ಎಲೆಗಳ ಮೇಲೆ ನೀರಹನಿ. "ಯಾ ಅಲ್ಲಾ!" ಎಂದು ಜೈತುನ್ ನಿಂತೇಬಿಟ್ಟಳು. ಇಬ್ಬರೂ ಸೆರಗಿನಲ್ಲಿ ಬಿಡಿಸಿಕೊಂಡು ಮನೆಗೆ ಓಡಿದೆವು. ಅತ್ತೆ ಪೂಜೆ ಮುಗಿಸಿ ಒಂದು ಬಟ್ಟಲು ಗಂಜಿ ಕುಡಿದರು.

ಅವರಿಗೆ ದಿನಾ ಅದೇ ಹೂ ಬೇಕಾದೀತೆಂದು ಮರುದಿನ ಬೆಳಿಗ್ಗೆ ಮತ್ತೆ ಹೋದೆವು. ಅದೇ ಜಾಲಿಗಿಡ, ಕೆಸರಿನಲ್ಲಿ ನಮ್ಮವೇ ಹೆಜ್ಜೆ. ಗಿಡದ ಬುಡದಲ್ಲಿ ಮಾತ್ರ ಬಿರುಕುಬಿಟ್ಟ ನೆಲ. ಕುರಿ ಮೇಯ್ದಿದ್ದರೆ ಮೋಟಾದರೂ ಉಳಿಯಬೇಕಲ್ಲ? ಕುರಿಯ ಹೆಜ್ಜೆಯೂ ಇಲ್ಲ, ಯಾರಾದರೂ ಕಿತ್ತ ಗುರುತೂ ಇಲ್ಲ. ಮೈ ಜುಮ್ಮೆಂದಿತು. ಅದಕ್ಕಿಂತ ದೊಡ್ಡ ಹೆದರಿಕೆ, ಅತ್ತೆ ಮತ್ತೆ ಉಪವಾಸ ಕೂತರೆ ಏನು ಗತಿ ಎಂಬುದು.

ಬರಿಗೈಯಲ್ಲಿ ಬಂದು, ತಡವರಿಸುತ್ತ ಎಲ್ಲ ಹೇಳಿದೆ. ಅತ್ತೆ ನಕ್ಕರು.

"ಹುಚ್ಚಿ, ತಪ್ಪಿದ ಪೂಜಿಗೆ ಒಂದ ಸಲಾ ಕೊಡಪಾ ಅಂತ ಬೇಡಿದ್ದೆ. ಅಷ್ಟ ಕೊಟ್ಟಾನ. ಇವತ್ತಿನ ಪೂಜಿ ಆಗೇತಿ. ನುಚ್ಚು ಮಜ್ಜಿಗಿ ಕೊಡವಾ, ಭಾಳ ಹಸಿವಾಗೇತಿ."

ಕೊಟ್ಟವರು ಯಾರು, ಹಿಂದಕ್ಕೆ ಒಯ್ದವರು ಯಾರು, ನನಗೆ ಇಂದಿಗೂ ತಿಳಿದಿಲ್ಲ. ಜೈತುನ್‌ಗೂ ತಿಳಿದಿಲ್ಲ. ಅಂದು ಯಾರಿಗೆ ಕೈ ಮುಗಿಯಬೇಕೆಂದು ಗೊತ್ತಾಗದೆ, ಅತ್ತೆ ಗಂಗಾಳ ಬಳಿದು ಉಣ್ಣುವುದನ್ನು ನೋಡುತ್ತ ಅವರ ಎದುರಿಗೇ ಕೂತುಬಿಟ್ಟೆ.